ಚೆನ್ನೈನ ವಾಬಾಗ್ ತನ್ನ ಯುರೋಪಿನ ತಾಯಿ ಕಂಪನಿಯನ್ನೇ ಕೊಂಡಿದ್ದು ನಿಜವೇ? ನೀರು ಶುದ್ಧ ಮಾಡುವ ಕಂಪನಿ ಅಷ್ಟು ದೊಡ್ಡದಾಗುವುದು ಹೇಗೆ?

ನಿಜ, ಕೊಂಡಿದೆ. ನಾನು ಹನ್ನೆರಡು ವರ್ಷದಿಂದ ಬೆಂಗಳೂರಿನ ಸುತ್ತಮುತ್ತ ಎಸ್‌ಟಿಪಿಗಳಲ್ಲಿ (ಚರಂಡಿ ನೀರು ಶುದ್ಧ ಮಾಡುವ ಘಟಕಗಳಲ್ಲಿ) ಕೆಲಸ ಮಾಡುತ್ತಿದ್ದೇನೆ. ವಾಬಾಗ್‌ನಲ್ಲಿ ಇದ್ದವನಲ್ಲ, ಆದರೂ ಈ ಕಥೆ ನನಗೆ ತುಂಬಾ ಇಷ್ಟ.

ವಾಬಾಗ್ ಹುಟ್ಟಿದ್ದು 1924ರಲ್ಲಿ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲೌ ಊರಿನಲ್ಲಿ. ಮುಂದೆ ಅದು ಆಸ್ಟ್ರಿಯಾದ ವಿಎ ಟೆಕ್ ಎಂಬ ಎಂಜಿನಿಯರಿಂಗ್ ಕಂಪನಿಯ ಪಾಲಾಯಿತು. ಚೆನ್ನೈ ಶಾಖೆ ಬಂದಿದ್ದು 1990ರ ದಶಕದಲ್ಲಿ. 2005ರಲ್ಲಿ ಸೀಮೆನ್ಸ್ ಕಂಪನಿ ಇಡೀ ವಿಎ ಟೆಕ್ ಅನ್ನು ಕೊಂಡಿತು. ಆಗ ಇಲ್ಲಿ ಮುಖ್ಯಸ್ಥರಾಗಿದ್ದ ರಾಜೀವ್ ಮಿತ್ತಲ್ ಮತ್ತು ಜೊತೆಗಾರರು ಐಸಿಐಸಿಐ ವೆಂಚರ್ ಎಂಬ ಹೂಡಿಕೆ ಕಂಪನಿಯ ನೆರವು ಪಡೆದು ಭಾರತದ ಶಾಖೆಯನ್ನು ತಾವೇ ಕೊಂಡರು. ಎರಡೇ ವರ್ಷಕ್ಕೆ, 2007ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿದ್ದ ವಾಬಾಗ್‌ನ ತಾಯಿ ಕಂಪನಿಯನ್ನೂ ಕೊಂಡರು. 2010ರಲ್ಲಿ ಷೇರು ಪೇಟೆಗೆ ಬಂದರು.

ವಿಯೆನ್ನಾ ಯಾಕೆ ಬೇಕಿತ್ತು ಅಂತ ಅನಿಸಬಹುದು. ನಮ್ಮ ಕಸುಬಿನ ಟೆಂಡರ್ ಓದಿದರೆ ಗೊತ್ತಾಗುತ್ತದೆ. ಅದರಲ್ಲಿ ಮೊದಲು ಕೇಳುವುದೇ 'ಇಂಥ ಘಟಕ ಹಿಂದೆ ಎಲ್ಲಿ ಕಟ್ಟಿದ್ದೀರಿ, ಎಷ್ಟು ವರ್ಷ ನಡೆಸಿದ್ದೀರಿ' ಅಂತ. ಅದಕ್ಕೆ ಉತ್ತರ ಇಲ್ಲದಿದ್ದರೆ ಎಷ್ಟೇ ಕಡಿಮೆ ದರ ಹಾಕಿದರೂ ಬಾಗಿಲಲ್ಲೇ ನಿಲ್ಲಬೇಕು. ವಿಯೆನ್ನಾ ಜೊತೆಗೆ ಆ ಅನುಭವವೂ ಬಂತು.

ಒಂದೇ ಉದಾಹರಣೆ ಹೇಳುತ್ತೇನೆ. ನಮೀಬಿಯಾದ ರಾಜಧಾನಿ ವಿಂಡ್‌ಹೋಕ್‌ನಲ್ಲಿ ಮಳೆ ತೀರಾ ಕಡಿಮೆ. ಅಲ್ಲಿ 1968ರಿಂದಲೇ ಚರಂಡಿ ನೀರನ್ನು ಶುದ್ಧ ಮಾಡಿ ನೇರವಾಗಿ ಕುಡಿಯುವ ನೀರಿನ ಕೊಳವೆಗೆ ಬಿಡುತ್ತಾರೆ. ಪ್ರಪಂಚದಲ್ಲಿ ಅದೇ ಮೊದಲು. 2002ರ ಹೊಸ ಘಟಕ ದಿನಕ್ಕೆ ಸುಮಾರು 2.1 ಕೋಟಿ ಲೀಟರ್ ಕೊಡುವಷ್ಟು ದೊಡ್ಡದು. ಅದನ್ನು ನಡೆಸಲು ಸೇರಿದ ಕಂಪನಿಗಳ ಕೂಟದಲ್ಲಿ ವಾಬಾಗ್ ಕೂಡ ಇತ್ತು. ಅಲ್ಲಿ ನೀರು ಹಲವು ಹಂತ ದಾಟಬೇಕು: ಓಜೋನ್, ಇದ್ದಿಲಿನ ಫಿಲ್ಟರ್, ಮೆಂಬ್ರೇನ್ (ಅತಿ ಸಣ್ಣ ರಂಧ್ರಗಳ ಜರಡಿ), ಕೊನೆಗೆ ಕ್ಲೋರಿನ್. ಒಂದು ಹಂತ ಕೈಕೊಟ್ಟರೆ ಮುಂದಿನದು ಹಿಡಿಯಬೇಕು, ಅದೇ ಅದರ ಲೆಕ್ಕ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಶುದ್ಧ ಮಾಡಿದ ನೀರನ್ನು ಫ್ಲಶ್‌ಗೆ ಬಿಡುವುದಕ್ಕೂ ಮೂಗು ಮುಚ್ಚಿಕೊಳ್ಳುವವರನ್ನು ದಿನಾ ನೋಡುತ್ತೇನೆ. ಒಂದು ಊರು ಅದನ್ನೇ ಕುಡಿಯಲು ಒಪ್ಪಿದೆ ಅಂದರೆ ನಡೆಸುವವರ ಮೇಲೆ ಎಷ್ಟು ನಂಬಿಕೆ ಇರಬೇಕು, ಅಲ್ವಾ?

ಚೆನ್ನೈ ಹತ್ತಿರ ನೆಮ್ಮೇಲಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವನ್ನೂ ಇವರು ಇಸ್ರೇಲಿನ ಐಡಿಇ ಕಂಪನಿ ಜೊತೆ ಸೇರಿ ಕಟ್ಟಿದರು. 2013ರಲ್ಲಿ ಶುರುವಾಯಿತು, ದಿನಕ್ಕೆ 10 ಕೋಟಿ ಲೀಟರ್. 2019ರ ಬೇಸಿಗೆಯಲ್ಲಿ ಚೆನ್ನೈನ ಕೆರೆಗಳು ಬತ್ತಿ ನೆಲ ಕಂಡಾಗ ಇಂಥ ಘಟಕಗಳೇ ಊರಿನ ಕೈಹಿಡಿದವು.

ಇಷ್ಟೆಲ್ಲಾ ಇದ್ದರೂ ಈ ಧಂದೆಯಲ್ಲಿ ಬೆಳೆಯುವುದು ಸುಲಭ ಅಲ್ಲ. ತೊಡಕು ತಂತ್ರಜ್ಞಾನದ್ದಲ್ಲ, ಬಾಕಿ ಬಿಲ್ಲಿನದು. ನಾನು ಮೊದಲು ಇದ್ದ ಸಣ್ಣ ಕಂಪನಿ ಒಂದು ನಗರಸಭೆಗೆ ಎಸ್‌ಟಿಪಿ ಕಟ್ಟಿಕೊಟ್ಟಿತ್ತು. ಕೊನೆಯ ಬಿಲ್ ಬರಲು ಎರಡೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನಮಗೆ ನಾಲ್ಕು ತಿಂಗಳ ಸಂಬಳ ನಿಂತಿತ್ತು. ಒಳ್ಳೊಳ್ಳೆಯ ಆಪರೇಟರ್‌ಗಳು ಬಿಟ್ಟು ಹೋದರು. ಅದು ನನಗೆ ಈಗಲೂ ನೋವಿನ ವಿಷಯ. ದೊಡ್ಡ ಕಂಪನಿಗಳಿಗೂ ಇದೇ ಕಾಟ, ಮೊತ್ತ ಮಾತ್ರ ದೊಡ್ಡದು.

ಗಂಗಾ ನದಿಯನ್ನು ಶುದ್ಧ ಮಾಡುವ ಸರ್ಕಾರದ ಯೋಜನೆಯಲ್ಲಿ ಇದಕ್ಕೆ ಒಂದು ದಾರಿ ಮಾಡಿದರು. ಕಟ್ಟುವ ಖರ್ಚಿನ 40% ಕಟ್ಟುವಾಗ, ಉಳಿದ 60% ಮುಂದಿನ 15 ವರ್ಷದಲ್ಲಿ, ಘಟಕ ಸರಿಯಾಗಿ ನಡೆದರೆ ಮಾತ್ರ. ನನಗೆ ಇದು ಸರಿ ಅನಿಸುತ್ತದೆ. ಕಟ್ಟಿ ಕೈತೊಳೆದುಕೊಂಡು ಹೋಗುವುದು ತಪ್ಪುತ್ತದೆ. ಪಟ್ನಾದಲ್ಲಿ ವಾಬಾಗ್ ಇಂಥ ಕೆಲಸ ಹಿಡಿದಿದೆ.

ಹಾಗಾಗಿ ನೀವು ಷೇರು ಕೊಳ್ಳಲು ಕೇಳುತ್ತಿದ್ದರೆ, ಹೊಸ ಆರ್ಡರ್ ಎಷ್ಟು ಕೋಟಿ ಅಂತ ಮಾತ್ರ ನೋಡಬೇಡಿ. ವಾರ್ಷಿಕ ವರದಿಯಲ್ಲಿ ಬರಬೇಕಾದ ಬಾಕಿ ಎಷ್ಟಿದೆ, ಘಟಕ ನಡೆಸುವುದರಿಂದ ಬರುವ ಆದಾಯ ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗಿದೆಯಾ, ಇವೆರಡನ್ನು ಮೊದಲು ತೆಗೆದು ನೋಡಿ.