ಹಳೆ ತೊಟ್ಟಿ ಮನೆ ಸರಿಪಡಿಸುವಾಗ ತೊಟ್ಟಿಯಲ್ಲಿ ತೋಟ ಮಾಡಬಹುದೇ?

ಮೈಸೂರಿನ ಅಗ್ರಹಾರದಲ್ಲಿರುವ ತಾತನ ತೊಟ್ಟಿ ಮನೆಯನ್ನು ಸರಿಪಡಿಸಿ, ತೊಟ್ಟಿಯಲ್ಲಿ, ಅಂದರೆ ಮನೆ ನಡುವಿನ ತೆರೆದ ಅಂಗಳದಲ್ಲಿ, ಹೊಸ ರೀತಿಯ ಕೈತೋಟ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ನಮ್ಮ ಮನೆಯಲ್ಲೂ ಮಾಡಿಸಿದ್ದೇವೆ. ಆದರೆ ತೋಟದ ನೀರು ಗೋಡೆಗೆ ಹೋಗಬಾರದು. ಮಿಕ್ಕಿದ್ದೆಲ್ಲ ಆಮೇಲೆ.

ಅಂಥ ಮನೆಗಳ ಗೋಡೆ ಸಾಮಾನ್ಯವಾಗಿ ಇಟ್ಟಿಗೆ, ಮಣ್ಣು, ಸುಣ್ಣದ ಗಾರೆಯದು. ನೆಲದ ತೇವ ಹೀರುತ್ತದೆ, ಗಾಳಿಗೆ ಒಣಗುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರಗೆ ದಾರಿಯಿಲ್ಲ. ಒಳಗೊಳಗೇ ಮೇಲೇರುತ್ತದೆ. ಗೋಡೆಯಲ್ಲಿ ಕೂತಿರುವ ತೊಲೆಯ ತುದಿ ಲಡ್ಡಾಗುತ್ತದೆ, ಗೆದ್ದಲೂ ಬರುತ್ತದೆ. 'ಸಿಮೆಂಟೇ ಗಟ್ಟಿ' ಅನ್ನುವ ಮೇಸ್ತ್ರಿ ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. ಸುಣ್ಣದ ಕೆಲಸ ಬಲ್ಲವರನ್ನೇ ಹುಡುಕಿ. ಸುಣ್ಣ ಚೆನ್ನಾಗಿ ನೆನೆಯಬೇಕು, ಮರಳು, ಇಟ್ಟಿಗೆ ಪುಡಿ ಸೇರಬೇಕು. ಬೆಲ್ಲ, ಅಳಲೆಕಾಯಿ ನೀರು ಹಾಕುವವರೂ ಇದ್ದಾರೆ. ಪದರ ಪದರವಾಗಿ ಬಳಿಯಬೇಕು, ಒಣಗಲು ಸಮಯ ಜಾಸ್ತಿ ಬೇಕು. ಆತುರದವರಿಗೆ ಈ ಕೆಲಸ ಒಪ್ಪಿಸಬೇಡಿ.

ಇನ್ನು ತೊಟ್ಟಿ. ನಾಲ್ಕೂ ಕಡೆಯ ಹೆಂಚಿನ ನೀರು ಬೀಳುವುದು ಅಲ್ಲಿಗೇ ಅಲ್ವಾ? ಅದು ಹೊರಹೋಗುವ ಮೋರಿಯನ್ನು ಬೀದಿಯವರೆಗೂ ಬಿಡಿಸಿ. ಅಲ್ಲಿಯವರೆಗೆ ಒಂದು ಬಾಂಡ್ಲಿ ಮಣ್ಣೂ ಹಾಕಬೇಡಿ. ಕಲ್ಲು ಚಪ್ಪಡಿ ಕಿತ್ತು ಇಡೀ ತೊಟ್ಟಿಗೆ ಮಣ್ಣು ತುಂಬುವುದನ್ನು ನಾನು ಒಪ್ಪುವುದೇ ಇಲ್ಲ. ನೀರು ಸೀದಾ ಪಡಸಾಲೆಯ ಪಾಯಕ್ಕೆ ಇಳಿಯುತ್ತದೆ. ಚಪ್ಪಡಿ ಹಾಗೇ ಇರಲಿ. ಕುಂಡದಲ್ಲಿ ದೊಡ್ಡಪತ್ರೆ, ಮಲ್ಲಿಗೆ, ಜರಿಗಿಡ ಬೆಳೆಸಿ. ನೋಡಲು ಚೆಂದ, ಬೇಕಾದಾಗ ಜರುಗಿಸಲೂಬಹುದು.

ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ (ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್) ಶೀಟ್ ಹಾಕಿಸಿ ಅನ್ನುತ್ತಾರೆ. ಬೇಡ. ಮನೆಯ ಬಿಸಿಗಾಳಿ ಹೊರಹೋಗುವುದೇ ಅಲ್ಲಿಂದ. ಕೋತಿ, ಕಳ್ಳರ ಭಯವಿದ್ದರೆ ಕಬ್ಬಿಣದ ಜಾಲರಿ ಸಾಕು.

ಗಾಜಿನ ಕೋಣೆ, ಪಾರಿಜಾತದಂಥ ಸಣ್ಣ ಮರ ಬೇಕೆನಿಸಿದರೆ ಅವೆಲ್ಲ ಹಿತ್ತಿಲಿಗಿರಲಿ. ಅತ್ತಿ, ರಬ್ಬರ್ ಗಿಡ ಮಾತ್ರ ಬೇಡ, ಬೇರು ಪಾಯಕ್ಕೆ ನುಗ್ಗುತ್ತದೆ. ಹೊಸ ಕೋಣೆ ತನ್ನದೇ ಕಂಬ, ಪಾಯದ ಮೇಲೆ ನಿಲ್ಲಲಿ. ಹಳೆ ಮನೆ ನೆಲಕ್ಕೆ ಇಳಿಯುವಷ್ಟು ಇಳಿದು ಕೂತಿದೆ, ಹೊಸದು ಇನ್ನೂ ಇಳಿಯಬೇಕು. ಎರಡನ್ನೂ ಬಿಗಿದರೆ ಬಿರುಕು ಗ್ಯಾರಂಟಿ. ನಡುವೆ ಸಂದು ಬಿಟ್ಟು, ಮಳೆ ಇಳಿಯದಂತೆ ತಗಡು ಹೊದಿಸಿ. ಹೊಸದು ಹೊಸದಾಗಿಯೇ ಕಾಣಲಿ, ಸುಮ್ನೆ ನಕಲಿ ಕೆತ್ತನೆ ಕಂಬ ಯಾಕೆ?

ಇಳಿಸಿದ ಹೆಂಚನ್ನು ಎಸೆಯಬೇಡಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಂಥ ಹಳೆ ಅಚ್ಚಿನ ಹೆಂಚು ನಿಮ್ಮ ಮಾಡಿನಲ್ಲೂ ಇರಬಹುದು. ತಟ್ಟಿ ನೋಡಿ. ಠಣ್ ಎಂದರೆ ತೊಳೆದು ಮತ್ತೆ ಹೊದಿಸಿ.