ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಮೊದಲ ಅರ್ಜಿ

ಪ್ರಶ್ನೆ: ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಅಮೆರಿಕದ ಸಾರ್ವಜನಿಕ ವಿಶ್ವವಿದ್ಯಾಲಯವಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪದವಿಗೆ ಸೇರಬಯಸುತ್ತಾಳೆ. ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿ ಬರೆಯಲೇಬೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಕಿಲ್ಲ, ಪ್ರವೇಶ ನಿರ್ಧರಿಸುವಾಗ ಅಲ್ಲಿ ಆ ಅಂಕಗಳನ್ನು ಪರಿಗಣಿಸುವುದೇ ಇಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್ ಸೇರಿದಂತೆ ಪದವಿ ಶಿಕ್ಷಣವಿರುವ 9 ಕ್ಯಾಂಪಸ್‌ಗಳಿಗೂ ಅರ್ಜಿ ಒಂದೇ ಆದರೂ, ಆಯ್ದುಕೊಂಡ ಪ್ರತಿಯೊಂದಕ್ಕೂ ಪ್ರತ್ಯೇಕ ಶುಲ್ಕ ಕಟ್ಟಬೇಕಾದ್ದರಿಂದ, ಎಲ್ಲಕ್ಕೂ ಗುರುತು ಹಾಕುವ ಮುನ್ನ ಜೇಬನ್ನೂ ನೋಡಿಕೊಳ್ಳಿ. ಅಂಕಗಳನ್ನು ಅಮೆರಿಕದ ಶ್ರೇಣಿಗೆ ಪರಿವರ್ತಿಸದೆ, ಅಂಕಪಟ್ಟಿಯಲ್ಲಿರುವಂತೆಯೇ ಮಗಳೇ ನಮೂದಿಸಬೇಕು. ಹೆಚ್ಚು ಸಮಯ ಬೇಡುವುದು, 8 ಪ್ರಶ್ನೆಗಳಲ್ಲಿ 4ನ್ನು ಆರಿಸಿಕೊಂಡು ತಲಾ 350 ಪದ ಮೀರದಂತೆ ಬರೆಯಬೇಕಾದ ಉತ್ತರಗಳು. ಅವುಗಳಲ್ಲಿ ಅಲಂಕಾರದ ಇಂಗ್ಲಿಷ್‌ಗಿಂತ ಆಕೆ ನಿಜವಾಗಿ ಮಾಡಿದ ಕೆಲಸದ ವಿವರವಿರಲಿ. ಅರ್ಜಿ ಸಲ್ಲಿಕೆಯ ಅವಧಿ ಸಾಮಾನ್ಯವಾಗಿ ಅಕ್ಟೋಬರ್ 1ರಂದು ಆರಂಭವಾಗಿ, ಪಿಯುಸಿ ವಾರ್ಷಿಕ ಪರೀಕ್ಷೆಗೆ ಎಷ್ಟೋ ಮೊದಲೇ, ನವೆಂಬರ್ ಕೊನೆಯ ಹೊತ್ತಿಗೆ ಮುಗಿಯುತ್ತದೆ.