ಮಗಳು ಸಾಫ್ಟ್‌ಬಾಲ್ ಆಡ್ತೀನಿ ಅಂತಾಳೆ, ಸೇರಿಸಲಾ?

ಅಕ್ಕಾ, ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ. ಅವಳ ಕ್ಲಾಸಿನ ಇಬ್ಬರು ಹುಡುಗಿಯರು ಊರಿನ ಸಾಫ್ಟ್‌ಬಾಲ್ ಲೀಗಿನಲ್ಲಿ ಆಡುತ್ತಾರೆ. ಇವಳೂ ಸೇರಬೇಕಂತೆ. ಒಂದು ತಿಂಗಳಿಂದ ಇದೇ ಜಪ. ಜನವರಿ ಕೊನೆಗೆ ನೋಂದಣಿ ಮುಗಿಯುತ್ತೆ. ಶನಿವಾರ ಭರತನಾಟ್ಯ ಕ್ಲಾಸ್ ಇದೆ, ಟೀಚರ್ ತುಂಬಾ ಸ್ಟ್ರಿಕ್ಟ್. ನಮ್ಮನೆಯವರು "ಆಡೋದಾದ್ರೆ ಟ್ರಾವೆಲ್ ಟೀಮಿಗೆ ಸೇರಿಸೋಣ, ಸುಮ್ನೆ ಟೈಂಪಾಸಿಗೆ ಯಾಕೆ" ಅಂತಾರೆ. ಊರಿಂದ ಬಂದಿರುವ ಅತ್ತೆ "ಹೆಣ್ಣುಮಗು, ಹಲ್ಲು ಮುರ್ಕೊಂಡ್ರೆ? ಬಿಸಿಲಲ್ಲಿ ಕಪ್ಪಾಗ್ತಾಳೆ" ಅಂತಾರೆ. ಬೇರೆ ಮಕ್ಕಳು ಐದನೇ ವಯಸ್ಸಿಂದಲೇ ಆಡುತ್ತಿದ್ದಾರೆ, ಇವಳು ಹಿಂದೆ ಬಿದ್ದು ಅಳ್ತಾಳೇನೋ. ಈಜು, ಪಿಟೀಲು ಎರಡನ್ನೂ ಅರ್ಧಕ್ಕೆ ಬಿಟ್ಟವಳು. ಮತ್ತೆ ನನಗೂ ಆ ಆಟದ ಗಂಧಗಾಳಿ ಇಲ್ಲ, ಅಲ್ಲಿ ಯಾರ ಪರಿಚಯವೂ ಇಲ್ಲ. ಏನು ಮಾಡಲಿ?
– ಹೆಸರು ಬೇಡ

ಸೇರಿಸಿ. ಮೊದಲು ಅದನ್ನು ಹೇಳಿಬಿಡುತ್ತೇನೆ. ನನ್ನ ಉದ್ದನೆಯ ಉತ್ತರ ಓದಿ ಮುಗಿಸುವಷ್ಟರಲ್ಲಿ ನೋಂದಣಿ ಮುಚ್ಚಿಹೋದರೆ ಆ ಮಗುವಿನ ಶಾಪ ನನಗೆ ತಟ್ಟೀತು.

ನಿಮ್ಮ ಪತ್ರ ಎರಡು ಸಲ ಓದಿದೆ. ಯಜಮಾನರ ಮಾತು, ಅತ್ತೆಯ ಮಾತು, ಡ್ಯಾನ್ಸ್ ಟೀಚರ್ ಕೋಪ ಎಲ್ಲ ವಿವರವಾಗಿ ಬರೆದಿದ್ದೀರಿ. ನಿಮ್ಮದೊಂದನ್ನು ಮಾತ್ರ ಕೊನೆಗೆ "ಮತ್ತೆ" ಅಂತ ಬಾಲದ ಹಾಗೆ ಅಂಟಿಸಿದ್ದೀರಿ. ನನಗೆ ಆ ಬಾಲದ ಮೇಲೇ ಕಣ್ಣು. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಅತ್ತೆಯವರ ಹಲ್ಲಿನ ಭಯವನ್ನು ನಕ್ಕು ತಳ್ಳಿಹಾಕಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಸಾಫ್ಟ್‌ಬಾಲ್ ಅಂದರೆ ಬೇಸ್‌ಬಾಲಿನ ತಂಗಿ ಇದ್ದ ಹಾಗೆ, ಆದರೆ ಹೆಸರಿಗೆ ಮಾತ್ರ ಸಾಫ್ಟ್. 1887ರಲ್ಲಿ ಶಿಕಾಗೋದ ಒಂದು ಬೋಟ್ ಕ್ಲಬ್ಬಿನಲ್ಲಿ ಹುಡುಗರು ಬಾಕ್ಸಿಂಗ್ ಗ್ಲೌಸನ್ನೇ ಚೆಂಡಿನ ಹಾಗೆ ಬಿಗಿದು, ಕೋಲಿನಲ್ಲಿ ಹೊಡೆದು ಶುರು ಮಾಡಿದ ಆಟವಂತೆ. ಆಗ ಮೆತ್ತಗಿತ್ತು. ಈಗ ನಿಮ್ಮ ಮಗಳ ವಯಸ್ಸಿನವರು ಆಡುವ ಹಳದಿ ಚೆಂಡಿನ ಸುತ್ತಳತೆ 11 ಇಂಚು. ಕ್ರಿಕೆಟ್ ಚೆಂಡು 9 ಇಂಚು ಅಷ್ಟೇ. ಒತ್ತಿ ನೋಡಿದರೆ ಬೆರಳು ಒಳಗೆ ಹೋಗುವುದಿಲ್ಲ. ಅದನ್ನು ಇನ್ನೊಂದು ಒಂಬತ್ತು ವರ್ಷದ ಹುಡುಗಿ 35 ಅಡಿ ದೂರದಿಂದ ಕೈಯನ್ನು ರಾಟೆಯ ಹಾಗೆ ತಿರುಗಿಸಿ ಎಸೆಯುತ್ತಾಳೆ. ಅವಳೂ ಈಗಷ್ಟೇ ಕಲಿಯುತ್ತಿರುವವಳು. ಹಾಗಾಗಿ ಚೆಂಡು ಒಮ್ಮೊಮ್ಮೆ ಬ್ಯಾಟಿನ ಬದಲು ತೊಡೆಗೆ, ತೋಳಿಗೆ ಬಂದು ಬೀಳುತ್ತೆ. ನನ್ನ ಮಗಳ ತೊಡೆಯ ಮೇಲೆ ಒಮ್ಮೆ ಚೆಂಡಿನ ಹೊಲಿಗೆಯ ಅಚ್ಚು ಮೂರು ದಿನ ಹಾಗೇ ಇತ್ತು. ನಾನು ಅರಿಸಿನ ಹಚ್ಚಲು ಹೋದರೆ ಬೇಡ ಅಂದಳು. ಅಳಿಸಿಹೋದರೆ ಕ್ಲಾಸಿನಲ್ಲಿ ತೋರಿಸೋದೇನು?

ಮುಖಕ್ಕೆ ಜಾಲರಿ ಇರುವ ಹೆಲ್ಮೆಟ್ ತಗೊಳ್ಳಿ. ಫೀಲ್ಡಿಂಗ್ ಮಾಡುವಾಗ ಹಾಕುವ ಮಾಸ್ಕ್ ಬೇರೆಯೇ ಸಿಗುತ್ತೆ. ನಿಮ್ಮ ಲೀಗಿನವರು ಕಡ್ಡಾಯ ಅನ್ನದಿದ್ದರೂ ಅದನ್ನೂ ತಗೊಳ್ಳಿ. ಎರಡನ್ನೂ ಅತ್ತೆಯ ಕೈಗೆ ಕೊಟ್ಟು ಜಾಲರಿಯನ್ನು ಗುದ್ದಿ ನೋಡಿ ಅನ್ನಿ. ಬ್ಯಾಟು ಸಾಫ್ಟ್‌ಬಾಲಿನದೇ ಆಗಿರಬೇಕು, ಬೇಸ್‌ಬಾಲಿನದು ನಡೆಯುವುದಿಲ್ಲ. ಇನ್ನು ಗ್ಲೌಸ್ ವಿಷಯಕ್ಕೆ ಹುಷಾರು. ಮಗು ಬಲಗೈಯಲ್ಲಿ ಎಸೆಯುವುದಾದರೆ ಗ್ಲೌಸ್ ಎಡಗೈಗೆ. ನಾನು "ಇವಳು ಬಲಗೈಯವಳು" ಅಂತ ಬಲಗೈಗೆ ಹಾಕುವ ಗ್ಲೌಸ್ ತಂದಿದ್ದೆ. ಮೊದಲ ಪ್ರಾಕ್ಟೀಸಿನಲ್ಲಿ ಪಾಪ ಅದು ಚೆಂಡು ಹಿಡಿಯುವುದು, ಗ್ಲೌಸ್ ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುವುದು, ಎಸೆಯುವುದು, ಮತ್ತೆ ಹಾಕಿಕೊಳ್ಳುವುದು. ಕೋಚ್ ನಗಲಿಲ್ಲ. ನಾನಾಗಿದ್ದರೆ ನಗುತ್ತಿದ್ದೆ.

ಕಪ್ಪಾಗ್ತಾಳೆ ಅನ್ನುವ ಮಾತು ಇದೆಯಲ್ಲ, ಅದು ಮಗುವಿನ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಚೆಂಡಿನ ಪೆಟ್ಟಿಗೆ ಐಸ್ ಇಡಬಹುದು. ಇದಕ್ಕೆ ಏನಿಡ್ತೀರಿ? ಅತ್ತೆಯವರ ಜೊತೆ ಇದರ ಬಗ್ಗೆ ವಾದವೂ ಬೇಡ. ಬದಲಿಗೆ ಒಂದು ಮಧ್ಯಾಹ್ನ ಕಾಫಿ ಹೊತ್ತಲ್ಲಿ ನಿಮ್ಮ ರಾಜ್ಯದ್ದೇ ಒಂದು ಕತೆ ಹೇಳಿ. 1972ರಲ್ಲಿ ಹೊಬೊಕೆನ್‌ನಲ್ಲಿ ಮರಿಯಾ ಪೆಪೆ ಅಂತ 12 ವರ್ಷದ ಹುಡುಗಿ ಹುಡುಗರ ಜೊತೆ ಲಿಟಲ್ ಲೀಗ್ ಅನ್ನುವ ಮಕ್ಕಳ ಆಟದ ಸಂಸ್ಥೆಯ ಬೇಸ್‌ಬಾಲ್ ಆಡಿದಳು. ಮೂರೇ ಪಂದ್ಯ. ಹೆಣ್ಣುಮಗುವನ್ನು ಆಡಿಸಿದರೆ ಆ ಊರಿನ ಲೀಗಿನ ಮಾನ್ಯತೆಯೇ ರದ್ದು ಅಂತ ಲಿಟಲ್ ಲೀಗಿನ ಮೇಲಿನವರು ಹೆದರಿಸಿದರು. ಅವಳನ್ನು ಹೊರಗೆ ಕಳಿಸಿದರು. ಕೇಸು ನಡೆಯಿತು. 1974ರಲ್ಲಿ ಲಿಟಲ್ ಲೀಗ್ ಹುಡುಗಿಯರಿಗೆ ಬಾಗಿಲು ತೆರೆಯಿತು, ಅದೇ ವರ್ಷ ಹುಡುಗಿಯರ ಸಾಫ್ಟ್‌ಬಾಲನ್ನೂ ಶುರು ಮಾಡಿತು. ಅಷ್ಟರಲ್ಲಿ ಮರಿಯಾಗೆ ವಯಸ್ಸು ಮೀರಿತ್ತು. ನಮ್ಮ ಅತ್ತೆ ಈ ಕತೆ ಕೇಳಿ "ಅಯ್ಯೋ, ಆ ಮಗು ಮತ್ತೆ ಆಡಲೇ ಇಲ್ವಾ?" ಅಂತ ಸಂಜೆಯವರೆಗೂ ಪೇಚಾಡಿದ್ದರು. ಮಾರನೆಯ ಶನಿವಾರ ಶಾಲು ಹೊದ್ದು ಮೊದಲು ಕಾರಿನಲ್ಲಿ ಕೂತವರು ಅವರೇ.

ಯಜಮಾನರ ವಿಷಯ. ಗಂಡಸರಿಗೆ, ಅದರಲ್ಲೂ ನಮ್ಮ ಇಂಜಿನಿಯರ್ ಗಂಡಸರಿಗೆ, ಯಾವುದೇ ಕೆಲಸದ ಎರಡನೇ ಮೆಟ್ಟಿಲೇ ಮೊದಲು ಕಾಣುತ್ತೆ. ಟ್ರಾವೆಲ್ ತಂಡ ಅಂದರೆ ಬೇರೆ ಊರುಗಳಿಗೆ ಹೋಗಿ ಆಡುವ ತಂಡ. ಅದಕ್ಕೆ ಮಕ್ಕಳನ್ನು ಆರಿಸಿ ತಗೊಳ್ಳುತ್ತಾರೆ, ಅವರು ಬೇಡ ಅಂದರೆ ಬೇಡ ಅಷ್ಟೇ. ಆಯ್ಕೆ ನಡೆಯುವುದೂ ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ. ಜನವರಿಯಲ್ಲಿ ಹೋಗಿ ಕೇಳಿದರೆ ಹೆಚ್ಚಿನ ತಂಡಗಳು ಭರ್ತಿ. ಖರ್ಚು ಸಾವಿರಗಳ ಲೆಕ್ಕ. ವಾರಾಂತ್ಯಕ್ಕೆ ಎರಡು ಗಂಟೆ ಡ್ರೈವ್, ಹೋಟೆಲ್ ರೂಮು. ಚೆಂಡು ಹಿಡಿಯೋಕೇ ಬಾರದ ಮಗುವಿಗೆ ಇದೆಲ್ಲ ಯಾಕೆ? ಊರಿನ ಲೀಗು, ಇಲ್ಲಿನವರು ರೆಕ್ ಅಂತಾರಲ್ಲ, ಅದು ಹಾಗಲ್ಲ. ಹೆಚ್ಚಿನ ಕಡೆ ನೂರು-ಇನ್ನೂರು ಡಾಲರಿನಲ್ಲಿ ಮುಗಿಯುತ್ತೆ. ಮಾರ್ಚಿನಲ್ಲಿ ಮಕ್ಕಳನ್ನು ಒಮ್ಮೆ ಆಡಿಸಿ ನೋಡುತ್ತಾರೆ. ಅದು ತಂಡಗಳನ್ನು ಸಮ ಮಾಡಲಿಕ್ಕೆ, ಯಾರನ್ನೂ ಕೈಬಿಡಲಿಕ್ಕಲ್ಲ. ನಿಮ್ಮದು ಲಿಟಲ್ ಲೀಗಿಗೆ ಸೇರಿದ್ದಾದರೆ ಇನ್ನೂ ಒಳ್ಳೆಯದು. ಅವರ ನಿಯಮದ ಪ್ರಕಾರ ಪ್ರತಿ ಮಗುವಿಗೂ ಪ್ರತಿ ಪಂದ್ಯದಲ್ಲಿ ಒಂದು ಸಲವಾದರೂ ಬ್ಯಾಟಿಂಗ್ ಸಿಗಬೇಕು, ಎದುರು ತಂಡದ ಆರು ಔಟ್ ಆಗುವಷ್ಟು ಹೊತ್ತು ಫೀಲ್ಡಿಂಗ್ ಸಿಗಬೇಕು. ಕೋಚ್ ತನ್ನ ಮಗಳನ್ನೇ ಪಿಚರ್, ಅಂದರೆ ಚೆಂಡೆಸೆಯುವವಳು, ಮಾಡುತ್ತಾನೆ, ಅದೂ ಇದ್ದದ್ದೇ. ನೋಡಿಯೂ ನೋಡದ ಹಾಗಿರಿ.

ಯಜಮಾನರಿಗೆ ಏನಾದರೂ ಕೆಲಸ ಕೊಡಬೇಕಲ್ಲ. ದಿನಾ ಸಂಜೆ ಹದಿನೈದು ನಿಮಿಷ ಮಗಳ ಜೊತೆ ಚೆಂಡು ಎಸೆದು ಹಿಡಿಯಲಿ, ಈಗಿಂದಲೇ. ಗ್ಯಾರೇಜಿನಲ್ಲಿ ಮೆತ್ತನೆ ಚೆಂಡಾದರೂ ಸಾಕು. ಆದರೆ ಕ್ರಿಕೆಟ್ ಕಲಿಸುವುದು ಬೇಡ ಅನ್ನಿ. ನಮ್ಮವರು ಹಿತ್ತಲಲ್ಲಿ ಎರಡು ತಿಂಗಳು ಮಗಳಿಗೆ ಸ್ಟ್ರೇಟ್ ಡ್ರೈವ್ ಹೇಳಿಕೊಟ್ಟರು. ಮೂರನೇ ಪಂದ್ಯದಲ್ಲಿ ಅವಳ ಬ್ಯಾಟಿಗೆ ಮೊದಲ ಸಲ ಚೆಂಡು ತಾಗಿತು. ಇಲ್ಲಿ ಹೊಡೆದ ಮೇಲೆ ಬ್ಯಾಟು ಅಲ್ಲೇ ಬಿಟ್ಟು ಓಡಬೇಕು, ಇವಳು ಎತ್ತಿಕೊಂಡೇ ಓಡಿದಳು! 60 ಅಡಿ, ಕೈಯಲ್ಲಿ ಬ್ಯಾಟು, ಓಡಿ ಮೊದಲು ಮುಟ್ಟಬೇಕಾದ ಫಸ್ಟ್ ಬೇಸ್ ಹತ್ತಿರ ಬಗ್ಗಿ ಕ್ರೀಸ್ ಮುಟ್ಟಿಸುವ ಹಾಗೆ ನೆಲಕ್ಕೆ ಉಜ್ಜಿದಳು. ಇಡೀ ಮೈದಾನ "ಡ್ರಾಪ್ ದಿ ಬ್ಯಾಟ್" ಅಂತ ಕೂಗುತ್ತಿತ್ತು. ನಮ್ಮವರು ಮಾತ್ರ ಚಪ್ಪಾಳೆ ತಟ್ಟುತ್ತಿದ್ದರು.

ಪಂದ್ಯ ಮುಗಿಸಿ ಬರುವಾಗ ಕಾರಿನಲ್ಲಿ ವಿಮರ್ಶೆ ಕೂಡದು. ಇದೊಂದು ಷರತ್ತು ಅವರಿಗೆ. ಏನು ತಿಂತೀಯಾ ಅಂತ ಕೇಳಿದರೆ ಸಾಕು.

ಹಿಂದೆ ಬೀಳ್ತಾಳಾ? ಮೊದಲ ತಿಂಗಳು ಬೀಳ್ತಾಳೆ, ಸುಳ್ಳು ಯಾಕೆ ಹೇಳಲಿ. ಆದರೆ ಐದನೇ ವಯಸ್ಸಿಂದ ಆಡಿದವರು ಅಂದರೆ ಏನು ಅಂತ ನೋಡಿದ್ದೀರಾ? ಕಂಬದ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ, ಅದು ಟೀ-ಬಾಲ್. ಉಳಿದ ಹೊತ್ತು ಹುಲ್ಲಿನಲ್ಲಿ ಕೂತು ಹಳದಿ ಹೂವು ಕೀಳುತ್ತಾರೆ. ಮಕ್ಕಳೇ ಚೆಂಡೆಸೆಯಲು ಶುರು ಮಾಡುವುದು ನಿಮ್ಮ ಮಗಳು ಸೇರುವ ಗುಂಪಿನಲ್ಲಿ, ಅಂದರೆ ಹತ್ತು ವರ್ಷದ ಒಳಗಿನವರಲ್ಲಿ. ಅಲ್ಲಿ ಎಲ್ಲರೂ ಒಂದಲ್ಲ ಒಂದು ವಿಷಯದಲ್ಲಿ ಹೊಸಬರೇ. ಎಸೆತ ಗುರಿ ತಪ್ಪುತ್ತಲೇ ಹೋದರೆ ಬ್ಯಾಟಿನವಳು ಹೊಡೆಯದೆಯೇ ಫಸ್ಟ್ ಬೇಸಿಗೆ ನಡೆದುಹೋಗುತ್ತಾಳೆ, ಅದು ವಾಕ್. ಅರ್ಧ ಆಟ ಇಂಥ ವಾಕ್‌ಗಳಲ್ಲೇ ಹೋಗುತ್ತೆ. ಬೇಸರವೂ ಆಗುತ್ತೆ, ಒಂದು ಫ್ಲಾಸ್ಕ್ ಟೀ ಇಟ್ಟುಕೊಳ್ಳಿ.

ಅರ್ಧಕ್ಕೆ ಬಿಡುವುದಕ್ಕೆ ನನ್ನ ಹತ್ತಿರ ಒಂದೇ ಉಪಾಯ. "ಚೆನ್ನಾಗಿ ಆಡೋವರೆಗೂ ಬಿಡಬಾರದು" ಅನ್ನಬೇಡಿ. ಅದಕ್ಕೆ ಕೊನೆಯೇ ಇಲ್ಲ. ಪಿಟೀಲು ಬಿಟ್ಟದ್ದೂ ಬಹುಶಃ ಅದಕ್ಕೇ. "ಜೂನಿನ ಕೊನೆಯ ಪಂದ್ಯದವರೆಗೆ ಹೋಗಬೇಕು, ಆಮೇಲೆ ನಿನ್ನಿಷ್ಟ" ಅನ್ನಿ. ಇದು ತಂಡದ ಆಟ, ಒಬ್ಬಳು ಬರದಿದ್ದರೆ ಮಿಕ್ಕವರಿಗೆ ತೊಂದರೆ. ಒಂಬತ್ತು ವರ್ಷದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಮತ್ತೆ ಅವಳನ್ನು ಹಿಡಿದಿಡುವುದು ಬ್ಯಾಟೂ ಅಲ್ಲ, ಚೆಂಡೂ ಅಲ್ಲ. ತಮ್ಮ ಸರದಿಗೆ ಕಾಯುತ್ತಾ ಬೇಲಿಗೆ ಜೋತುಬಿದ್ದು ಈ ಹುಡುಗಿಯರು ಹಾಡು ಹೇಳುತ್ತಾರೆ, ಪ್ರಾಸ ಕಟ್ಟಿ, ಕಾಲು ಕುಟ್ಟಿ. ಪಕ್ಕಾ ನಮ್ಮ ಬಸ್ಸಿನ ಅಂತ್ಯಾಕ್ಷರಿ. ನನ್ನ ಮಗಳು ಮೊದಲ ವರ್ಷ ಹೊಡೆದದ್ದು ನಾಲ್ಕೋ ಐದೋ ಸಲ, ಕಲಿತ ಹಾಡು ಇಪ್ಪತ್ತು.

ಡ್ಯಾನ್ಸ್ ಟೀಚರ್ ಹತ್ತಿರ ಈಗಲೇ, ಫೋನಿನಲ್ಲಲ್ಲ, ಎದುರಿಗೆ ಹೋಗಿ ಮಾತಾಡಿ. ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಶನಿವಾರದ ಬದಲು ಇನ್ನೊಂದು ಬ್ಯಾಚಿಗೆ ಬರಬಹುದಾ ಅಂತ ಕೇಳಿ. ನೋಂದಣಿ ಫಾರಂನಲ್ಲೂ ಇಂಥ ಹೊತ್ತಿಗೆ ಆಗುವುದಿಲ್ಲ ಅಂತ ಬರೆಯಲು ಜಾಗ ಇರುತ್ತೆ. ಮಳೆಯಿಂದ ಪಂದ್ಯ ಮುಂದೆ ಹೋದರೆ ಲೆಕ್ಕ ತಪ್ಪುತ್ತೆ, ಒಂದೆರಡು ಕ್ಲಾಸು ತಪ್ಪುತ್ತೆ. ಟೀಚರ್ ಬೈದರೆ ಬೈಸಿಕೊಳ್ಳಿ. ಅವರಿಗೆ ಇದನ್ನೂ ಹೇಳಿ: ನೆಲದ ಮೇಲೆ ಉರುಳಿ ಬರುವ ಚೆಂಡನ್ನು ಹಿಡಿಯಲು ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು ಕಾಯಬೇಕು. ಉಳಿದ ಮಕ್ಕಳಿಗೆ ಕೋಚ್ "ಲೋ, ಲೋ" ಅಂತ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರೆ ನನ್ನ ಮಗಳು ಸುಮ್ನೆ ಭರತನಾಟ್ಯದ ಅರೆಮಂಡಿಯಲ್ಲಿ, ಅರ್ಧ ಕೂತ ಆ ಭಂಗಿಯಲ್ಲಿ, ಕೂತಿದ್ದಳು. ಎಲ್ಲಿ ಕಲಿತೆ ಅಂತ ಕೋಚ್ ಕೇಳಿದರೆ ನಾಟ್ಯದಲ್ಲಿ ಮೊದಲು ಕಲಿಸುವ ಹೆಜ್ಜೆಯ ಹೆಸರು ಹೇಳಿ "ತಟ್ಟಡವು" ಅಂದಳಂತೆ. ಅವರು ಅದನ್ನು ಯಾವುದೋ ಕೋಚಿಂಗ್ ಕ್ಯಾಂಪ್ ಅಂದುಕೊಂಡರು.

ಈಗ ಆ ಬಾಲದ ಮಾತು.

ನನ್ನ ಮೊದಲ ಪಂದ್ಯ ಏಪ್ರಿಲ್ ಮೊದಲ ವಾರ. ವಸಂತ ಅಂತ ಕ್ಯಾಲೆಂಡರಿನಲ್ಲಿ ಮಾತ್ರ. ಮಿಕ್ಕ ತಾಯಂದಿರು ಮಡಚುವ ಕುರ್ಚಿ, ಕಂಬಳಿ, ಥರ್ಮಾಸ್ ಹೊತ್ತು ಬಂದಿದ್ದರು. ನಾನು ಚಪ್ಪಲಿಯಲ್ಲಿ ಬಂದಿದ್ದೆ. ಅವರೆಲ್ಲ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತಿದ್ದರು. ನಾನು ವಾಪಸ್ ಕಾರಿಗೆ ಹೋಗಿ, ಹೀಟರ್ ಹಾಕಿಕೊಂಡು, ಗಾಜಿನೊಳಗಿಂದ ಇಡೀ ಪಂದ್ಯ ನೋಡಿದೆ. ಫೋನ್ ಬಂದಿತ್ತು ಅಂತ ಮಗಳಿಗೆ ಸುಳ್ಳು ಹೇಳಿದೆ. ಎರಡನೆಯದಕ್ಕೂ ಅದೇ ಸುಳ್ಳು. ಮೂರನೇ ವಾರ ಒಬ್ಬ ಅಪ್ಪ ಕಾರಿನ ಗಾಜು ತಟ್ಟಿ, "ಸ್ಕೋರ್ ಬರೆಯುವವರು ಬಂದಿಲ್ಲ, ನಿಮಗೆ ಬರೆಯೋಕೆ ಆಗುತ್ತಾ?" ಅಂದರು. ನನಗೆ ಆಟ ಗೊತ್ತಿಲ್ಲ ಅಂದೆ. ಪೆನ್ಸಿಲ್ ಹಿಡಿಯೋಕೆ ಬಂದರೆ ಸಾಕು ಅಂದರು.

ಆ ಪುಸ್ತಕ ಚೌಕಾಬಾರ ಮನೆಯ ಹಾಗೆ, ಪುಟ ತುಂಬಾ ಚೌಕ. ಒಂದೊಂದು ಚೌಕದಲ್ಲೂ ಪುಟ್ಟ ಮೈದಾನದ ಚಿತ್ರ. ಮೂರು ಸ್ಟ್ರೈಕಿಗೆ, ಅಂದರೆ ಹೊಡೆಯಬೇಕಾದ ಚೆಂಡನ್ನು ಮೂರು ಸಲ ತಪ್ಪಿಸಿಕೊಂಡು, ಔಟಾದರೆ "ಕೆ" ಅಂತ ಬರೆಯಬೇಕು. ಬ್ಯಾಟು ಬೀಸದೆ ನಿಂತಲ್ಲೇ ಔಟಾದರೆ ಅದೇ "ಕೆ"ಯನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಬೇಕು. ನನ್ನ ಮಗಳ ಸಾಲಿನಲ್ಲಿ ಆ ತಿರುಗುಮುರುಗು ಕೆ ಎಷ್ಟೊಂದು ಬರೆದೆನೋ. ಆದರೆ ನಾಲ್ಕು ವಾರದಲ್ಲಿ ಆಟ ತಲೆಗೆ ಹತ್ತಿತು. ಸ್ಕೋರು ಎಷ್ಟಾಯಿತು ಅಂತ ಕೇಳಲು ತಾಯಂದಿರೇ ನನ್ನ ಹತ್ತಿರ ಬರತೊಡಗಿದರು. ಮೊದಲು ಮಾತಾಡಿಸುವ ಕಷ್ಟ ನನಗೆ ಬರಲೇ ಇಲ್ಲ.

ನಿಮ್ಮ ಫಾರಂನಲ್ಲೂ ಸ್ವಯಂಸೇವೆ ಅಂತ ಒಂದು ಕಾಲಂ ಇರುತ್ತೆ. ಈಗ ಎಷ್ಟೋ ಕಡೆ ಸ್ಕೋರನ್ನು ಫೋನಿನಲ್ಲೇ ಬರೆಯುತ್ತಾರೆ, ಆದರೂ ಅದಕ್ಕೇ ಟಿಕ್ ಹಾಕಿ. ತಿಂಡಿ ಅಂಗಡಿಗೆ ಹಾಕಬೇಡಿ. ನಾನು ಮಡಿ ಹೆಂಗಸೇನಲ್ಲ, ಆದರೂ ಎರಡು ಗಂಟೆ ಹಾಟ್ ಡಾಗ್ ಮಗುಚಿ ಮನೆಗೆ ಬಂದು ಅನ್ನ ಸೇರಲಿಲ್ಲ.

ಕೊನೆಗೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಶನಿವಾರ ಪಂದ್ಯ ಮುಗಿಸಿ ನೇರ ಡ್ಯಾನ್ಸ್ ಕ್ಲಾಸಿಗೆ ಓಡಬೇಕಾದ ದಿನ ಬಂದೇ ಬರುತ್ತೆ. ಆಗ ಮನೆಯಿಂದಲೇ ತುರುಬು ಕಟ್ಟಿ ಕರೆದುಕೊಂಡು ಹೋಗಬೇಡಿ, ಹೆಲ್ಮೆಟ್ಟಿನೊಳಗೆ ತುರುಬು ಕೂರುವುದಿಲ್ಲ. ಎರಡು ಜಡೆ, ಕೆಳಗೆ, ಕತ್ತಿನ ಹತ್ತಿರ ಶುರುವಾಗುವ ಹಾಗೆ ಹಾಕಿ. ಪಿನ್ನು, ನೆಟ್ಟು, ಬಾಚಣಿಗೆ ಕಾರಿನ ಡಬ್ಬಿಯಲ್ಲಿರಲಿ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ತುರುಬು ಕಟ್ಟುವ ಕೆಲಸ ಹಿಂದಿನ ಸೀಟಿನಲ್ಲಿರುವ ಅತ್ತೆಯದು.